ಹುಸಿಗೆಳೆಯ ಶಬ್ದಗಳು

(ಅಂತಿಮ ಬಿ.ಎ. ವಿದ್ಯಾರ್ಥಿ)

ಇಂಗ್ಲಿಷ್ ಬಲ್ಲವನೊಬ್ಬನು ಪ್ಯಾರಿಸ್ಸಿನಲ್ಲಿ 'ಲಿಬ್ರೇರಿ' ಎಂಬ ಫಲಕವನ್ನು ಕಂಡು ಗ್ರಂಥಾಲಯವೆಂದು ಒಳಹೊಕ್ಕರೆ, ಅದು ಪುಸ್ತಕದ ಅಂಗಡಿ! ಇಂಥ ಶಬ್ದಗಳಿಗೆ ಇಬ್ಬರು ಫ್ರೆಂಚ್ ವಿದ್ವಾಂಸರು 1928ರಲ್ಲಿ 'ಹುಸಿ ಗೆಳೆಯರು' ಎಂದು ಹೆಸರಿಟ್ಟರು. ಮುಖವೇನೋ ಪರಿಚಿತ, ಮನಸ್ಸು ಬೇರೆ.

ಕನ್ನಡ, ಮರಾಠಿ, ಉರ್ದು ಮೂರೂ ಕೂಡಿ ಬಾಳುವ ನಮ್ಮ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಈ ಗೆಳೆಯರಿಗೆ ಬರವಿಲ್ಲ. 'ತಾಲೂಕು' ಎಂಬುದೇ ಅಂಥದೊಂದು. ಉರ್ದುವಿನಲ್ಲಿ ಅದರ ಮೂಲರೂಪಕ್ಕೆ ಸಂಬಂಧವೆಂದು ಅರ್ಥ.

ಮೊದಲು ಮನೆಮಾತನ್ನು ನೋಡೋಣ. ನಮ್ಮಲ್ಲಿ 'ಆಯಿ' ಎಂದರೆ ಅಜ್ಜಿ. ಗಾಣಗಾಪುರದ ದತ್ತನ ದರ್ಶನಕ್ಕೆ ಬರುವ ಮರಾಠಿ ಯಾತ್ರಿಕರಿಗೆ ಅದೇ ಶಬ್ದ ತಾಯಿ. 'ಹತ್ತಿ' ಎಂಬುದು ಜೇವರ್ಗಿಯ ಎರೆಹೊಲದ ಬೆಳೆಯೂ ಹೌದು, ಸಮೀಪವೂ ಹೌದು, ಏರಿ ಎಂಬುದೂ ಹೌದು. 'ಮಳಿ ಬರ್ಲಿಕ್ಕ ಹತ್ತದ' ಎಂದು ನಾವಂದರೆ ಮಳೆ ಎಲ್ಲಿಗೆ ಹತ್ತಿತೆಂದು ಮೈಸೂರು ಕಡೆಯವರು ನಗಬಹುದು. ಅವರು ಸಂಗೀತ ಕೇಳಲು 'ಕಚೇರಿ'ಗೆ ಹೋಗುತ್ತಾರೆಂದರೆ ನಮ್ಮ ಹಿರಿಯರೂ ಬೆರಗಾಗುತ್ತಾರೆ. ಇವರು ಬಲ್ಲದ್ದು ತಹಸೀಲ್ದಾರರ ಕಚೇರಿ. ಇದರಲ್ಲಿ ಶುದ್ಧವಾವುದು, ಅಶುದ್ಧವಾವುದು? ಎರಡೂ ಕನ್ನಡವೇ.

ಹಿಂದಿಯ 'ಉಪನ್ಯಾಸ' ಕಾದಂಬರಿ, 'ಅವಕಾಶ' ರಜೆ. ಅಲ್ಲಿಯ 'ಶಿಕ್ಷಾ ಮಂತ್ರಿ' ದಂಡಿಸುವವರಲ್ಲ, ವಿದ್ಯಾಮಂತ್ರಿ!

ಇಷ್ಟು ವಿನೋದದ ಮಾತಾಯಿತು. ಕಾಗದಪತ್ರಗಳಲ್ಲಿ ಇದು ವಿನೋದವಲ್ಲ. 1948ರವರೆಗೆ ಈ ಭಾಗ ನಿಜಾಮರ ಆಡಳಿತದಲ್ಲಿತ್ತು. ಸರಕಾರದ ಭಾಷೆ ಉರ್ದು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಆದರೂ ಪಾರಸಿ, ಅರಬ್ಬಿ ಮೂಲದ ಶಬ್ದಗಳು ಉಳಿದುಕೊಂಡವು. 'ಜಮೀನು' ಎಂದರೆ ಹೊಲ, 'ಜಾಮೀನು' ಎಂದರೆ ಹೊಣೆ. ನಡುವಿನ ಅಂತರ ಒಂದೇ ದೀರ್ಘ. ಮೊದಲನೆಯದು ಉಳ್ಳವನು ಪರರ ಸಾಲಕ್ಕೆ ಎರಡನೆಯದನ್ನು ಕೊಟ್ಟು ಹೆಬ್ಬೆಟ್ಟು ಒತ್ತಿದರೆ ಮೊದಲನೆಯದಕ್ಕೇ ಸಂಚಕಾರ ಬಂದೀತು. 'ರಾಜೀನಾಮೆ' ಕನ್ನಡದಲ್ಲಿ ಹುದ್ದೆ ಬಿಡುವ ಪತ್ರ. ಉರ್ದುವಿನಲ್ಲಿ ಇಬ್ಬರು ಒಪ್ಪಿ ಮಾಡಿಕೊಂಡ ರಾಜಿಯ ಪತ್ರ. ಹಳೆಯ ಉರ್ದು ಕಾಗದದಲ್ಲಿ ಇದನ್ನು ಕಂಡು, ಅಜ್ಜ ಎಲ್ಲವನ್ನೂ ಬಿಟ್ಟುಕೊಟ್ಟನೆಂದು ಮೊಮ್ಮಗ ತಿಳಿದರೆ ಎಂಥ ಅನರ್ಥ!

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಯಾವ ಕಾಗದ ಬಂದರೂ ತಂದೆಯವರು 'ಏನ್ ಬರದಾರ ನೋಡಪಾ' ಎಂದು ನನ್ನ ಕೈಗಿಡುತ್ತಾರೆ. ನಮ್ಮ ಕಾಲೇಜಿನ ಅನೇಕ ಮಿತ್ರರ ಸ್ಥಿತಿಯೂ ಇದೇ. ಅಕ್ಷರ ಉಚ್ಚರಿಸಿದರೆ ಓದಿದಂತಾಗಲಿಲ್ಲ. ಈ ಶಬ್ದ ಯಾವ ಭಾಷೆಯದು, ಯಾವ ಕಾಲದ್ದು, ಯಾರು ಯಾರಿಗೆ ಬರೆದದ್ದು ಎಂದು ವಿಚಾರಿಸಿದ ಮೇಲೆಯೇ ಸಹಿಯ ಮಾತು.

ಗೊತ್ತಿಲ್ಲದ ಶಬ್ದ ನಮಗೆ ಮೋಸ ಮಾಡದು. ನಾಲ್ವರನ್ನು ಕೇಳುತ್ತೇವೆ, ನಿಘಂಟು ತೆರೆಯುತ್ತೇವೆ. ಗೊತ್ತಿದೆಯೆಂದು ನಂಬಿದ ಶಬ್ದದ ಹತ್ತಿರವೇ ಎಚ್ಚರ ಬೇಕು.