ಮನದ ಭಾರವಿಳಿಸುವ ಆಪ್ತಸಮಾಲೋಚನೆ

ದೇಹಕ್ಕೆ ಜ್ವರ ಬಂದರೆ ನಾವು ವೈದ್ಯರಲ್ಲಿಗೆ ಹೋಗುತ್ತೇವೆ. ಕಾಲು ಉಳುಕಿದರೆ ನಾಲ್ಕು ಜನರೆದುರು ಹೇಳಿಕೊಳ್ಳುತ್ತೇವೆ. ಮನಸ್ಸು ಕುಗ್ಗಿದಾಗ ಮಾತ್ರ ಬಾಯಿ ಬಿಡುವುದಿಲ್ಲ. ಮಠಕ್ಕೆ ಬಂದ ಭಕ್ತರಲ್ಲಿ ಕೆಲವರು ದರ್ಶನ ಮುಗಿದ ಮೇಲೂ ಅರೆಗಳಿಗೆ ನಿಂತು, ಏನನ್ನೋ ಹೇಳಹೊರಟು, ಹೇಳದೆಯೇ ಮರಳುವುದುಂಟು. ಹಾಗೆ ಉಳಿದುಹೋದ ಮಾತಿಗೆ ದಾರಿ ಮಾಡಿಕೊಡುವ ವಿದ್ಯೆಯೊಂದಿದೆ. ಅದನ್ನು ಆಪ್ತಸಮಾಲೋಚನೆ ಎನ್ನುತ್ತೇವೆ. ಅದರಲ್ಲಿಯೂ ಹಲವು ವಿಧಾನಗಳನ್ನು ಒಬ್ಬ ವ್ಯಕ್ತಿಯ ಅಗತ್ಯಕ್ಕೆ ತಕ್ಕಂತೆ ಕೂಡಿಸಿ ಬಳಸುವ ಸಮನ್ವಯ ಆಪ್ತಸಮಾಲೋಚನೆಯ ಬಗ್ಗೆ ಈ ಸಂಚಿಕೆಯಲ್ಲಿ ತಿಳಿಯೋಣ.

ಒಂದು ಉದಾಹರಣೆ

ಮೇಳಿಗೆಯ ಸುತ್ತಲಿನ ಒಬ್ಬ ಅಡಿಕೆ ಬೆಳೆಗಾರರನ್ನು ಕಲ್ಪಿಸಿಕೊಳ್ಳೋಣ. ಇದು ಯಾರೊಬ್ಬರ ಕಥೆಯೂ ಅಲ್ಲ. ಮಲೆನಾಡಿನ ಯಾವ ಮನೆಯಲ್ಲಿಯೂ ನಡೆಯಬಹುದಾದ ಸಂಗತಿ. ವಯಸ್ಸು 54. ಎಲೆಚುಕ್ಕೆ ರೋಗದಿಂದ ತೋಟ ಸೊರಗಿದೆ. ಸಹಕಾರ ಸಂಘದ ಸಾಲ ತೀರಿಲ್ಲ. ಮಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ತಂದೆ ಹಿಂದಿನ ವರ್ಷ ಲಿಂಗೈಕ್ಯರಾದರು. ಮಳೆಗಾಲದಲ್ಲಿ ನೆರೆಮನೆಗೆ ಹೋಗಬೇಕೆಂದರೂ ತೋಟ ದಾಟಬೇಕು; ದಿನಗಟ್ಟಲೆ ಹೊರಗಿನವರ ಮುಖ ಕಾಣುವುದಿಲ್ಲ. ಇವರಿಗೆ ನಸುಕಿನ ಮೂರು ಗಂಟೆಗೇ ಎಚ್ಚರವಾಗುತ್ತದೆ. ಊಟ ರುಚಿಸುವುದಿಲ್ಲ. ತಪ್ಪದೆ ಮಾಡುತ್ತಿದ್ದ ಇಷ್ಟಲಿಂಗ ಪೂಜೆಯಲ್ಲಿಯೂ ಮನಸ್ಸು ನಿಲ್ಲುವುದಿಲ್ಲ. ‘ನನ್ನ ಭಕ್ತಿಯೇ ಕಡಿಮೆಯಾಯಿತು’ ಎಂಬ ಕೊರಗು ಅದರ ಮೇಲೊಂದು ಹೊರೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಪ್ರಿಯವಾದ ಕೆಲಸಗಳಲ್ಲಿ ಆಸಕ್ತಿ ಬತ್ತುವುದು, ನಿದ್ರೆ ಕೆಡುವುದು, ಏಕಾಗ್ರತೆ ಕುಂದುವುದು, ಸಲ್ಲದ ಅಪರಾಧಭಾವ ಕಾಡುವುದು ಇವೆಲ್ಲ ಖಿನ್ನತೆಯ ಲಕ್ಷಣಗಳು. ಇವು ಎರಡು ವಾರಕ್ಕೂ ಮೀರಿ ಬಹುಪಾಲು ದಿನ ಉಳಿದು, ನಿತ್ಯದ ಕೆಲಸಕ್ಕೆ ಅಡ್ಡಿಯಾದರೆ ನೆರವು ಪಡೆಯಲೇಬೇಕು. ಪೂಜೆಯಲ್ಲಿ ಮನಸ್ಸು ನಿಲ್ಲದಿರುವುದು ಇಲ್ಲಿ ರೋಗದ ಗುರುತೇ ಹೊರತು ಭಕ್ತಿಯ ಕೊರತೆಯಲ್ಲ.

ಬುದ್ಧಿವಾದವಲ್ಲ, ಆಲಿಸುವಿಕೆ

‘ಧೈರ್ಯ ತಂದುಕೊಳ್ಳಿ, ನಿಮಗೇನು ಕಡಿಮೆಯಾಗಿದೆ’ ಎಂದು ಬಂಧುಗಳು ಹೇಳುತ್ತಾರೆ. ಅವರ ಉದ್ದೇಶ ಒಳ್ಳೆಯದೇ. ಆದರೆ ಆ ಮಾತು ಕೇಳಿದವರು ಮತ್ತಷ್ಟು ಮೌನಿಗಳಾಗುತ್ತಾರೆ. ಆಪ್ತಸಮಾಲೋಚನೆಯಲ್ಲಿ ತರಬೇತಿ ಪಡೆದವರೊಬ್ಬರು ಸಾಮಾನ್ಯವಾಗಿ ವಾರಕ್ಕೊಮ್ಮೆ, ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ, ನೊಂದವರೊಡನೆ ಕುಳಿತು ಮಾತಾಡುತ್ತಾರೆ. ಹೇಳಿದ್ದು ಗುಟ್ಟಾಗಿ ಉಳಿಯುತ್ತದೆ. ಜೀವಕ್ಕೆ ಅಪಾಯವಿದೆ ಎನಿಸಿದಾಗ ಮಾತ್ರ ಅವರು ಮನೆಯವರಿಗೋ ವೈದ್ಯರಿಗೋ ತಿಳಿಸುತ್ತಾರೆ. ಈ ಕಟ್ಟುಪಾಡನ್ನು ಮೊದಲ ದಿನವೇ ವಿವರಿಸುವುದು ಒಳ್ಳೆಯ ಸಮಾಲೋಚಕರ ಕ್ರಮ.

ಹಲವು ಎಳೆಗಳ ಸಮನ್ವಯ

ನಮ್ಮ ಬೆಳೆಗಾರರ ನೋವಿನ ಬೇರು ಒಂದೇ ಅಲ್ಲ. ಆದ್ದರಿಂದ ಪರಿಹಾರದ ಎಳೆಯೂ ಒಂದೇ ಆದರೆ ಸಾಲದು.

ಮೊದಲನೆಯದು ಆಲಿಸುವಿಕೆ. ಅಮೆರಿಕದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ ಅವರು 1957ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಸಮಾಲೋಚಕರ ಸಹಾನುಭೂತಿ, ಷರತ್ತಿಲ್ಲದ ಸ್ವೀಕಾರ ಮತ್ತು ಪ್ರಾಮಾಣಿಕತೆ ಚಿಕಿತ್ಸೆಗೆ ಅಗತ್ಯವೆಂದು ಪ್ರತಿಪಾದಿಸಿದರು. ಮೊದಲ ಭೇಟಿಗಳಲ್ಲಿ ಬೆಳೆಗಾರರು ಅಳುಕಿಲ್ಲದೆ ಮಾತಾಡುವಂತಾದರೆ ಅಷ್ಟರಿಂದಲೇ ಭಾರ ಸ್ವಲ್ಪ ಇಳಿಯುತ್ತದೆ.

ಎರಡನೆಯದು ಆಲೋಚನೆಯ ಪರಿಶೀಲನೆ. ಆರನ್ ಬೆಕ್ ಎಂಬ ಮನೋವೈದ್ಯರು 1960ರ ದಶಕದಲ್ಲಿ ರೂಪಿಸಿದ ವಿಧಾನವಿದು. ‘ಈ ವರ್ಷ ಫಸಲು ಕೈಕೊಟ್ಟಿತು’ ಎಂಬುದು ಸತ್ಯಸಂಗತಿ. ‘ನಾನು ಮನೆತನವನ್ನೇ ಮುಳುಗಿಸಿದೆ’ ಎಂಬುದು ಕುಗ್ಗಿದ ಮನಸ್ಸು ಅದಕ್ಕೆ ಕೊಟ್ಟ ಅರ್ಥ. ಎಲೆಚುಕ್ಕೆ ಊರಿನ ಎಷ್ಟೋ ತೋಟಗಳಿಗೆ ತಗುಲಿದೆಯಲ್ಲವೇ? ಸಂಗತಿಯನ್ನೂ ಅರ್ಥವನ್ನೂ ಬೇರ್ಪಡಿಸಿ ನೋಡಲು ಸಮಾಲೋಚಕರು ಕಲಿಸುತ್ತಾರೆ.

ಮೂರನೆಯದು ಕ್ರಿಯೆ. ಮನಸ್ಸು ಬಂದಾಗ ಕೆಲಸ ಮಾಡುತ್ತೇನೆ ಎಂದು ಕಾದರೆ ಮನಸ್ಸು ಬಾರದು. ಸಣ್ಣ ಕೆಲಸ ಮಾಡಿದರೆ ಮನಸ್ಸು ಹಿಂದೆ ಬರುತ್ತದೆ. ಬೆಳಿಗ್ಗೆ ಅರ್ಧ ಗಂಟೆ ನಡಿಗೆ, ಸಾಲದ ಪಟ್ಟಿಯನ್ನು ಕಾಗದದ ಮೇಲೆ ಬರೆಯುವುದು, ಸಂಘಕ್ಕೆ ಹೋಗಿ ಕಂತಿನ ಬಗ್ಗೆ ಮಾತಾಡುವುದು: ವಾರಕ್ಕೊಂದು ಹೆಜ್ಜೆ ಸಾಕು.

ನಾಲ್ಕನೆಯದು ಬಾಳಿನ ಹಿನ್ನೆಲೆ ಮತ್ತು ಕುಟುಂಬ. ತಂದೆಯನ್ನು ಕಳೆದುಕೊಂಡ ದುಃಖವನ್ನು ಇವರು ಅತ್ತು ಹಗುರ ಮಾಡಿಕೊಂಡಿಲ್ಲ. ತಂದೆ ಬೆಳೆಸಿದ ತೋಟ ಸೊರಗುವಾಗ ತಂದೆಗೇ ದ್ರೋಹ ಬಗೆದಂತೆ ಅವರಿಗೆ ತೋರುತ್ತದೆ. ಅವರು ಒಪ್ಪಿದರೆ ಪತ್ನಿಯನ್ನೂ ಮಗನನ್ನೂ ಒಂದು ಭೇಟಿಗೆ ಕರೆಯಬಹುದು. ‘ಅಪ್ಪಾ, ತೋಟಕ್ಕಿಂತ ನೀವು ನಮಗೆ ಮುಖ್ಯ’ ಎಂದು ಮಗ ಎದುರು ಕುಳಿತು ಹೇಳುವ ಮಾತಿನ ಬಲವೇ ಬೇರೆ.

ಐದನೆಯದು ದೇಹ. ಥೈರಾಯಿಡ್ ತೊಂದರೆ, ಬಿ-12 ಜೀವಸತ್ವದ ಕೊರತೆ ಮತ್ತು ಮದ್ಯಪಾನವೂ ಮನಸ್ಸನ್ನು ಕುಗ್ಗಿಸಬಲ್ಲವು. ಆದ್ದರಿಂದ ವೈದ್ಯರ ಪರೀಕ್ಷೆ ಅವಶ್ಯ. ಖಿನ್ನತೆ ತೀವ್ರವಾಗಿದ್ದರೆ ಮನೋವೈದ್ಯರು ಮಾತ್ರೆ ಕೊಡುತ್ತಾರೆ. ಅದರ ಗುಣ ಕಾಣಲು ಕೆಲವು ವಾರಗಳು ಬೇಕು; ಗುಣವಾಯಿತೆಂದು ತಾವಾಗಿಯೇ ನಿಲ್ಲಿಸಬಾರದು.

ಈ ಐದನ್ನೂ ಒಟ್ಟಿಗೆ ಹೇರುವುದು ಸಮನ್ವಯವಲ್ಲ. ಯಾರಿಗೆ, ಯಾವಾಗ, ಯಾವುದು ಬೇಕೆಂದು ಅರಿತು ಬಳಸುವುದು ಸಮನ್ವಯ. ಒಬ್ಬರಿಗೆ ಮೊದಲು ನಿದ್ರೆ ಬೇಕು, ಇನ್ನೊಬ್ಬರಿಗೆ ಮೊದಲು ಅಳಲು ಅವಕಾಶ ಬೇಕು.

ಶ್ರದ್ಧೆಗೆ ಇಲ್ಲಿ ಎಡೆಯಿದೆಯೇ?

ಇದೆ. ಬಂದವರು ಬಯಸಿದರೆ ಅವರ ಪೂಜೆ, ಧ್ಯಾನ, ಸತ್ಸಂಗಗಳೇ ಚೇತರಿಕೆಗೆ ಊರುಗೋಲಾಗುತ್ತವೆ. ಬಯಸದವರ ಮೇಲೆ ಸಮಾಲೋಚಕರು ಹೇರುವುದಿಲ್ಲ. ಹನ್ನೆರಡನೆಯ ಶತಮಾನದ ಶರಣರು ನಾನಾ ಕಾಯಕದವರು. ಬೇರೆಬೇರೆ ಬದುಕಿನಿಂದ ಬಂದ ಅವರು ತಮ್ಮ ಅನುಭವವನ್ನು ತಮ್ಮದೇ ಮಾತಿನಲ್ಲಿ ಹೇಳಿಕೊಂಡರು, ತಮ್ಮ ಅಳುಕನ್ನೂ ಮುಚ್ಚಿಡಲಿಲ್ಲ. ಆ ಶೂನ್ಯಸಿಂಹಾಸನದ ಅಲ್ಲಮಪ್ರಭುಗಳು ನಮ್ಮದೇ ಜಿಲ್ಲೆಯ ಬಳ್ಳಿಗಾವಿಯವರೆಂಬುದನ್ನು ಭಕ್ತರು ಬಲ್ಲರು. ಒಳಗಿನದನ್ನು ನುಡಿಯುವುದು ನಮಗೆ ಹೊಸತಲ್ಲ. ಆದರೆ ಪೂಜೆ ಮಾತ್ರೆಗೆ ಬದಲಿಯಲ್ಲ. ಮಾತ್ರೆ ಪೂಜೆಗೆ ವಿರೋಧಿಯೂ ಅಲ್ಲ.

ಅಪಾಯದ ಸೂಚನೆ

‘ನಾನಿಲ್ಲದಿದ್ದರೇ ನಿಮಗೆಲ್ಲ ಒಳಿತು’ ಎಂಬ ಮಾತು ಕೇಳಿಬಂದರೆ ಅದನ್ನು ಹಗುರವಾಗಿ ಎಣಿಸಬಾರದು. ‘ಸಾಯುವ ಯೋಚನೆ ಬರುತ್ತಿದೆಯೇ’ ಎಂದು ನೇರವಾಗಿ, ಪ್ರೀತಿಯಿಂದ ಕೇಳಬೇಕು. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ನಂಬಿಕೆ; ಕೇಳಿದರೆ ಒಂಟಿತನ ಒಡೆಯುತ್ತದೆ. ಅವರನ್ನು ಒಬ್ಬರನ್ನೇ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ತೋಟದ ಕೀಟನಾಶಕ, ಕಳೆನಾಶಕಗಳನ್ನು ಬೀಗ ಹಾಕಿಟ್ಟು ಬೀಗದಕೈಯನ್ನು ಬೇರೊಬ್ಬರು ಇಟ್ಟುಕೊಳ್ಳಬೇಕು.

ನೆರವು ಎಲ್ಲಿದೆ?

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ, 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ನಿಗದಿತ ದಿನ ಬರುವ ‘ಮನೋಚೈತನ್ಯ’ ಎಂಬ ಏರ್ಪಾಡೂ ನಮ್ಮ ರಾಜ್ಯದಲ್ಲಿದೆ. ತೀರ್ಥಹಳ್ಳಿ, ಹೊಸನಗರ, ಸಾಗರಗಳ ಭಕ್ತರು ಆ ದಿನವನ್ನು ತಮ್ಮ ಊರಿನ ಆಶಾ ಕಾರ್ಯಕರ್ತೆಯರಲ್ಲಿ ಅಥವಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಹೊರಗೆ ಹೋಗಲಾಗದವರಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ದೂರವಾಣಿ ಸೇವೆಯಿದೆ. ಸಂಖ್ಯೆ 14416. ಕರೆ ಉಚಿತ; ಹಗಲು ರಾತ್ರಿ ಕನ್ನಡದಲ್ಲಿಯೇ ಮಾತಾಡಬಹುದು. ಖಾಸಗಿ ಸಮಾಲೋಚಕರಲ್ಲಿಗೆ ಹೋಗುವವರು ಅವರ ವಿದ್ಯಾರ್ಹತೆ, ತರಬೇತಿಗಳನ್ನು ಕೇಳಿ ತಿಳಿಯುವುದರಲ್ಲಿ ಸಂಕೋಚ ಬೇಡ.

ಕೊನೆಯದಾಗಿ ಒಂದು ಅರಿಕೆ. ಈ ತಿಂಗಳು ತೋಟ ದಾಟಿ ನೆರೆಮನೆಗೊಮ್ಮೆ ಹೋಗಿ ಬನ್ನಿ. ಫಸಲು, ಧಾರಣೆಗಳ ಮಾತು ಮುಗಿದ ಮೇಲೆ ‘ನಿದ್ದೆ ಚೆನ್ನಾಗಿ ಬರುತ್ತಿದೆಯೇ’ ಎಂದು ಕೇಳಿ. ಉತ್ತರ ಬರುವವರೆಗೆ ಕುಳಿತಿರಿ. ನೊಂದವರ ಮಾತನ್ನು ಆತುರವಿಲ್ಲದೆ ಕೇಳುವುದೂ ಒಂದು ದಾಸೋಹವೇ.