ಒಂದು ಗುಂಟೆಗೆ ಎಷ್ಟು ಮನೆ?

ವಿಷಯ: ಗಣಿತ. ತರಗತಿ: 8. ಘಟಕ: ಅನುಪಾತ. ಅವಧಿ: 40 ನಿಮಿಷ. ಪೂರ್ವಜ್ಞಾನ: ಭಾಗಾಕಾರ, ದಶಮಾಂಶ, 1 ಎಕರೆ = 40 ಗುಂಟೆ.

ಅನುಪಾತಕ್ಕೆ ಪಠ್ಯಪುಸ್ತಕ ಕೊಡುವ ಪೆನ್ನು, ಹಣ್ಣುಗಳ ಉದಾಹರಣೆ ಸಾಕಾಗದು ಎಂದು ನನ್ನ ಅಭಿಪ್ರಾಯ. ಬಂಗಾರಪೇಟೆಯ ಮಕ್ಕಳ ಮನೆಯಲ್ಲಿ ಮಾರಿಕುಪ್ಪಂ ರೈಲಿನಲ್ಲಿ ದಿನವೂ ಬೆಂಗಳೂರಿಗೆ ದುಡಿಯಲು ಹೋಗುವವರಿದ್ದಾರೆ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೂ ಲೈನ್ ಮನೆಗಳಲ್ಲೇ ಉಳಿದ ಕುಟುಂಬಗಳನ್ನು ಅವರು ಬಲ್ಲರು. 'ಈ ಜಾಗ ಯಾರದು' ಎಂಬ ಪ್ರಶ್ನೆ ಅವರಿಗೆ ಹೊಸದಲ್ಲ. ಹಾಗಾಗಿ ಬೆಂಗಳೂರಿನ ಈಜೀಪುರವನ್ನು ಆರಿಸಿಕೊಂಡೆ.

ಅಲ್ಲಿ 15 ಎಕರೆಗೂ ತುಸು ಹೆಚ್ಚು ಜಾಗದಲ್ಲಿ ಬಡವರಿಗಾಗಿ ಕಟ್ಟಿದ ಸುಮಾರು 1,500 ಮನೆಗಳಿದ್ದವು. ಕಟ್ಟಡಗಳು ಶಿಥಿಲವಾಗಿ ಕುಸಿಯತೊಡಗಿದವು. ಸಾರ್ವಜನಿಕ–ಖಾಸಗಿ ಸಹಭಾಗಿತ್ವದಲ್ಲಿ ಮತ್ತೆ ಕಟ್ಟಲು ಬಿಬಿಎಂಪಿ ಒಪ್ಪಂದ ಮಾಡಿಕೊಂಡಿತು: ಕಂಪನಿಯು ಸುಮಾರು ಅರ್ಧ ಜಾಗದಲ್ಲಿ 1,640 ಮನೆ ಕಟ್ಟಿಕೊಡಬೇಕು, ಉಳಿದರ್ಧ ಅದರ ವಾಣಿಜ್ಯ ಸಂಕೀರ್ಣಕ್ಕೆ. 2013ರ ಜನವರಿಯಲ್ಲಿ ನಿವಾಸಿಗಳನ್ನು ತೆರವುಗೊಳಿಸಲಾಯಿತು. ಹಲವು ಕುಟುಂಬಗಳು ಪಕ್ಕದ ಕಾಲುದಾರಿಯಲ್ಲೇ ತಿಂಗಳುಗಟ್ಟಲೆ ಕಳೆದವು.

ಕಪ್ಪುಹಲಗೆಯ ಮೇಲೆ ಅಂದಾಜು ಸಂಖ್ಯೆ ಸಾಕು. 15 ಎಕರೆ ಎಂದರೆ 600 ಗುಂಟೆ; 1,500 ÷ 600 = 2.5. ಹೊಸ ಯೋಜನೆಯಲ್ಲಿ 300 ಗುಂಟೆ. 1,640 ÷ 300 ≈ 5.5. ಗುಂಟೆಗೆ ಎರಡೂವರೆ ಇದ್ದದ್ದು ಐದೂವರೆಯಾಯಿತು. ಗುಂಟೆಯೆಂದರೆ 33 ಅಡಿಗೆ 33 ಅಡಿ. ಶಾಲೆಯಂಗಳದಲ್ಲಿ ಸುಣ್ಣದ ಗೆರೆ ಎಳೆದು ತೋರಿಸಿದರೆ ಅಂಕಿಗೆ ಮೈ ಬರುತ್ತದೆ.

'ಮನೆ ಜಾಸ್ತಿಯಾಯಿತಲ್ಲ, ಒಳ್ಳೆಯದೇ' ಎಂದು ಮಕ್ಕಳು ಹೇಳಬಹುದು. ತಡೆಯಬಾರದು. ಮಹಡಿ ಏರಿಸಿ ಮನೆ ಹೆಚ್ಚಿಸುವುದು ತಪ್ಪೇನಲ್ಲ. ಪಾಠದ ತಿರುವು ಮುಂದಿನ ಪ್ರಶ್ನೆಯಲ್ಲಿದೆ: ಯಾರನ್ನು ಎಣಿಸಿದ್ದೇವೆ? ಮನೆಯ ಹಕ್ಕು ಮೂಲ ಹಂಚಿಕೆದಾರರದ್ದು. ಬಾಡಿಗೆಗಿದ್ದವರು ಬಹಳ ಮಂದಿ. ಅವರು ಆ ಎಣಿಕೆಗೆ ಸೇರುವುದಿಲ್ಲ. ಮನೆಗಳ ಸಂಖ್ಯೆ ಹೆಚ್ಚಿದರೂ ಅಲ್ಲಿದ್ದವರಿಗೆ ಸಿಗುವ ಪಾಲು ಕಡಿಮೆಯಾಗಬಹುದು.

ಇಲ್ಲಿ ನಿಜವಾದ ಅಂಕಿಯನ್ನೂ ಊಹೆಯ ಅಂಕಿಯನ್ನೂ ಬೇರೆ ಬಣ್ಣದ ಸೀಮೆಸುಣ್ಣದಲ್ಲಿ ಬರೆಯುವುದು ಒಳ್ಳೆಯದು. ಊಹೆಯನ್ನು ಮಕ್ಕಳು ಸುದ್ದಿಯಾಗಿ ಮನೆಗೆ ಒಯ್ಯಬಾರದು.

ಮೌಲ್ಯಮಾಪನ (ಊಹೆಯ ಅಂಕಿ): ಒಂದು ಬಡಾವಣೆಯ 100 ಕುಟುಂಬಗಳಲ್ಲಿ 60 ಬಾಡಿಗೆಯವು. 110 ಹೊಸ ಮನೆ ಕಟ್ಟಿ, ಹಂಚಿಕೆದಾರರಿಗೆ ತಲಾ ಒಂದು ಕೊಟ್ಟರು. ತೆರವಾದ ಕುಟುಂಬಗಳಿಗೂ ಮನೆ ಪಡೆದವರಿಗೂ ಇರುವ ಅನುಪಾತವೇನು? ಉಳಿದ 70 ಮನೆ ಯಾರಿಗೆ ಸೇರಬೇಕೆಂದು ಒಂದು ವಾಕ್ಯದಲ್ಲಿ ಕಾರಣ ಕೊಡಿ.