ನಡಾವಳಿಗೆ ಸಹಿ ಹಾಕುವ ಮುನ್ನ ನಲ್ಲಿ ತಿರುಗಿಸಿ ನೋಡಿ

ನೀರು ಬರುತ್ತಿಲ್ಲ ಅಂತ ವಕೀಲರ ಹತ್ತಿರ ಯಾರೂ ಬರುವುದಿಲ್ಲ. ಪಾವಗಡ, ಚಳ್ಳಕೆರೆ ಕಡೆಯ ಹಟ್ಟಿ, ತಾಂಡಾ, ತೋಟದ ಮನೆಗಳ ಕಕ್ಷಿದಾರರು ಬರುವುದು ಪಹಣಿಗೆ, ಪಾಲಿಗೆ. ಎದ್ದು ಹೊರಡುವಾಗ ಮಾತ್ರ, “ಸಾರ್, ನಲ್ಲಿ ಹಾಕಿ ವರ್ಷ ಆಯ್ತು, ಹನಿ ನೀರಿಲ್ಲ, ಏನಾದ್ರೂ ಮಾಡಬೋದಾ?” ಎನ್ನುತ್ತಾರೆ. ಮಾಡಬಹುದು. ಆದರೆ ಪಂಚಾಯಿತಿಯಿಂದ ಕಾಗದ ತರಿಸಿದರೆ, ಎಲ್ಲ ಮನೆಗೂ ನೀರು ಬರುತ್ತಿದೆ ಎಂಬ ಗ್ರಾಮಸಭೆಯ ನಡಾವಳಿ ಕೈಗೆ ಬರುತ್ತದೆ. ಕೆಳಗಿನ ಸಹಿ, ಹೆಬ್ಬೆಟ್ಟುಗಳಲ್ಲಿ ಇವರದೂ ಒಂದು.

2019ರ ಜಲ ಜೀವನ್ ಮಿಷನ್, ನಮ್ಮಲ್ಲಿ ‘ಮನೆ ಮನೆಗೆ ಗಂಗೆ’, ಹೇಳುವುದು ಇಷ್ಟು: ಪ್ರತಿ ಹಳ್ಳಿಮನೆಗೆ ನಲ್ಲಿ, ತಲೆಗೆ ದಿನಕ್ಕೆ 55 ಲೀಟರ್, ಕುಡಿಯಲು ಯೋಗ್ಯವಾದ ನೀರು, ಅದೂ ನಿಯಮಿತವಾಗಿ. ಗುತ್ತಿಗೆದಾರ ಅಂಗಳದಲ್ಲಿ ಪೈಪು ನಿಲ್ಲಿಸುತ್ತಾನೆ, ಮನೆಯಾಕೆಯನ್ನು ಪಕ್ಕದಲ್ಲಿ ನಿಲ್ಲಿಸಿ ಫೋಟೊ ತೆಗೆಯುತ್ತಾನೆ, ಆಧಾರ್ ನಂಬರ್ ಬರೆದುಕೊಳ್ಳುತ್ತಾನೆ. ಅಲ್ಲಿಗೆ ಲೆಕ್ಕದಲ್ಲಿ ಆ ಮನೆಗೆ ಗಂಗೆ ಬಂದಳು. ಆದರೆ ಊರಿಗೆ ‘ಹರ್ ಘರ್ ಜಲ್’ ಪ್ರಮಾಣಪತ್ರ ಸಿಗಲು ಇಲಾಖೆಯ ಮಾತೊಂದೇ ಸಾಲದು. ಕಾಮಗಾರಿ ಮುಗಿದ ಪತ್ರವನ್ನು ಗ್ರಾಮಸಭೆಯಲ್ಲಿ ಓದಬೇಕು, ಸಭೆ ಒಪ್ಪಿ ನಡಾವಳಿ ಮಾಡಬೇಕು, ಸಭೆಯ ವಿಡಿಯೊ ಕೂಡ ಇರಬೇಕು. ಇಲ್ಲೇ ಜನ ಮೋಸ ಹೋಗುವುದು. ಹಾಜರಿಗೆ ಅಂತ ಸಹಿ ಹಾಕಿಸಿಕೊಂಡ ಪುಟದ ಮೇಲ್ಭಾಗ ಖಾಲಿ; ಬರಹ ಆಮೇಲೆ ಬರುತ್ತದೆ. ಒಮ್ಮೆ ಪ್ರಮಾಣಪತ್ರ ಸಿಕ್ಕಿತೆಂದರೆ ನಿಮ್ಮ ಪ್ರತಿ ಅರ್ಜಿಗೂ ಒಂದೇ ಉತ್ತರ: “ದಾಖಲೆಯಲ್ಲಿ ನೀರು ಬರ್ತಿದೆಯಲ್ಲಾ?”

ಆದ್ದರಿಂದ ಖಾಲಿ ಹಾಳೆಗೆ ಸಹಿ ಬೇಡ. ಪಿಡಿಒ ನಡಾವಳಿಯನ್ನು ಗಟ್ಟಿಯಾಗಿ ಓದಲಿ. ನೀರು ಬಾರದ ಮನೆಗಳ ಪಟ್ಟಿ ಅದೇ ನಡಾವಳಿಯೊಳಗೆ ಸೇರಲಿ. ಸೇರಿಸುವುದಿಲ್ಲ ಎಂದರೆ ನಿಮ್ಮ ಸಹಿಯ ಪಕ್ಕದಲ್ಲೇ ‘ನಮ್ಮ ಮನೆಗೆ ನೀರು ಬರುತ್ತಿಲ್ಲ’ ಎಂದು ಬರೆಯಿರಿ. ಓದು ಬಾರದವರು ವಿಡಿಯೊ ಓಡುತ್ತಿರುವಾಗ ಎದ್ದು ನಿಂತು ಹೇಳಿ. ಆಗಲೇ ಸಹಿ ಹಾಕಿಬಿಟ್ಟಿದ್ದರೆ? ನಡಾವಳಿ ಕಲ್ಲಲ್ಲಿ ಕೆತ್ತಿದ್ದಲ್ಲ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಲೇಬೇಕು. ಮುಂದಿನ ಸಭೆಯಲ್ಲಿ ಹೊಸ ನಡಾವಳಿ ಮಾಡಿಸಬಹುದು. ಅಲ್ಲಿಯವರೆಗೆ ಯಾವ ದಿನ ಬಂತು, ಎಷ್ಟು ಕೊಡ ಬಂತು, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕೋರ್ಟಿನಲ್ಲಿ ಆ ಪುಸ್ತಕಕ್ಕೆ ಬೆಲೆಯಿದೆ.

ಹಳೆಯ ನಡಾವಳಿಯ ನಕಲು ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ ಶುಲ್ಕ, 30 ದಿನ ಗಡುವು. ಆದರೆ ಎಚ್ಚರ: ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಊರಿನ ಗೋಳೆಲ್ಲ ಬರೆದರೆ ವಾಪಸ್ ಕಳಿಸಲು ಕಾರಣ ಸಿಕ್ಕ ಖುಷಿಯಲ್ಲಿರುತ್ತಾರೆ.

ಪೈಪು ಒಡೆದರೆ, ವಾಲ್ವ್ ಕೆಟ್ಟರೆ ನೀರಗಂಟಿಗೆ ಹೇಳಿದ್ದು ದೂರಲ್ಲ. ಕುಡಿಯುವ ನೀರಿನ ಸಣ್ಣ ರಿಪೇರಿ ‘ಸಕಾಲ’ದಡಿ ಬರುತ್ತದೆ, ಗಡುವು 3 ದಿನ. ಅರ್ಜಿಗೆ ಸಕಾಲ ಸಂಖ್ಯೆ ಕೇಳಿ ಪಡೆಯಿರಿ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಹೆಚ್ಚೆಂದರೆ 500 ಪರಿಹಾರ. ದುಡ್ಡು ಸಣ್ಣದು, ಆದರೆ ಅದು ಅಧಿಕಾರಿಯ ಸಂಬಳದಿಂದ ಹೋಗುವುದರಿಂದ ಉರಿ ದೊಡ್ಡದು. ಮೋಟರ್ ಸುಟ್ಟರೆ, ಬೋರು ಬತ್ತಿದರೆ “ಇದು ಸಣ್ಣದಲ್ಲ” ಎಂದು ಜಾರಿಕೊಳ್ಳುತ್ತಾರೆ. ಆಗ ತಾಲ್ಲೂಕು ಪಂಚಾಯಿತಿ ಇಒಗೆ ಲಿಖಿತ ದೂರು ಕೊಟ್ಟು ಸ್ವೀಕೃತಿಗೆ ಮುದ್ರೆ ಹಾಕಿಸಿಕೊಳ್ಳಿ.

“ನಿಮ್ಮ ತಾಂಡಾಗೆ ಇ-ಸ್ವತ್ತು ಇಲ್ಲ, ನೀರು ಕೊಡೋಕಾಗಲ್ಲ” ಎಂಬುದನ್ನು ನಂಬಬೇಡಿ. ಅನಧಿಕೃತ ಗುಡಿಸಲಿನಲ್ಲಿರುವವರಿಗೂ ಕುಡಿಯುವ ನೀರು ನಿರಾಕರಿಸುವಂತಿಲ್ಲ ಎಂದು ಬಾಂಬೆ ಹೈಕೋರ್ಟ್ 2014ರಲ್ಲಿ ಹೇಳಿದೆ. ನಮ್ಮ ಹೈಕೋರ್ಟಿಗೆ ಅದು ಕಟ್ಟುಪಾಡಲ್ಲ, ಆದರೆ ವಾದಕ್ಕೆ ಗಟ್ಟಿ. ಸಮುದಾಯ ವಂತಿಕೆ ಎಂದು ದಲ್ಲಾಳಿ ಕೈಗೆ ನೋಟು ಕೊಡಬೇಡಿ. ವಂತಿಕೆಯನ್ನು ದುಡಿಮೆಯ ರೂಪದಲ್ಲೂ ಕೊಡಬಹುದು. ದುಡ್ಡೇ ಕೊಟ್ಟರೆ ರಸೀದಿ ಕೇಳಿ.

ನೀರು ಬರುತ್ತಿದ್ದರೂ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಅದು ಕುಡಿಯುವ ನೀರಲ್ಲ. ಕುದಿಸಿದರೆ ಹೋಗುವುದೂ ಇಲ್ಲ. ಪರೀಕ್ಷಾ ವರದಿಯನ್ನು ಬರವಣಿಗೆಯಲ್ಲಿ ಕೇಳಿ. ಇನ್ನು ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬೋರು ಕೊರೆಯುವುದು 1999ರ ಕಾಯ್ದೆಯ ಪ್ರಕಾರ ತಪ್ಪು. ಕೊರೆಯುವ ಲಾರಿ ಬಂದ ದಿನವೇ ತಹಸೀಲ್ದಾರರಿಗೆ ದೂರು ಕೊಡಿ. ನೀರು ಬಿದ್ದ ಮೇಲೆ ನಿಲ್ಲಿಸುವುದು ಬಹಳ ಕಷ್ಟ.

ಕೊನೆಗೂ ಆಗದಿದ್ದರೆ ಹೈಕೋರ್ಟಿಗೆ ರಿಟ್ ಇದ್ದೇ ಇದೆ. ಅದಕ್ಕಿಂತ ಅಗ್ಗದ ದಾರಿ ಖಾಯಂ ಜನತಾ ನ್ಯಾಯಾಲಯ. ನೀರು ಪೂರೈಕೆ ಅದರ ವ್ಯಾಪ್ತಿಯಲ್ಲೇ ಇದೆ, ಕೋರ್ಟ್ ಫೀ ಇಲ್ಲ. ಆದರೆ ಅದು ಎಲ್ಲ ಜಿಲ್ಲೆಗಳಲ್ಲಿ ಕೂರುವುದಿಲ್ಲ. ಅದೇ ವ್ಯಾಜ್ಯ ಮೊದಲೇ ಬೇರೆ ಕೋರ್ಟಿನಲ್ಲಿದ್ದರೆ ಅಲ್ಲಿ ತೆಗೆದುಕೊಳ್ಳುವುದೂ ಇಲ್ಲ. ಹೀಗಾಗಿ ಎಲ್ಲಿಗೆ ಹೋಗಬೇಕೆಂದು ಮೊದಲೇ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. ಮಹಿಳೆಯರಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ.